ಐವತ್ತಾರು ಅರ್ಧ

ಮೊದಲ ಸಾಲಿಗೆ ನಲವತ್ತೊಂದು. ಎರಡನೆಯದು ಸೇರಿ ಐವತ್ತೊಂಬತ್ತು. ಮೂರನೆಯದು ಸೇರಿ ನೂರ ಹನ್ನೊಂದು. ಕಮಲಾಬಾಯಿ ಬೆರಳನ್ನು ನಾಲ್ಕನೆಯ ಸಾಲಿನ ಮೇಲೆ ಆಡಿಸುತ್ತ ನೂರ ಅರವತ್ತನಾಲ್ಕು ಎಂದರು. ಐದನೆಯದರ ಕೊನೆಗೆ ಇನ್ನೂರ ಹದಿನಾರಾಯಿತು. ಆರನೆಯ ಸಾಲು ಮುಗಿದಾಗ ಇನ್ನೂರ ಐವತ್ತಮೂರು.

ಬೆರಳು ಅಲ್ಲಿಯೇ ನಿಂತಿತು. ಇನ್ನೂರ ಐವತ್ತೆರಡಾಗಿದ್ದರೆ ಸರಿಹೋಗುತ್ತಿತ್ತು.

ಸಾಂಗಲಿ ಹತ್ತಿರದ ಕಸಬೆ ಡಿಗ್ರಜದ ಬಸದಿಯ ಪಕ್ಕ ಹೊಸದಾಗಿ ಕಟ್ಟಿದ ಸ್ವಾಧ್ಯಾಯ ಭವನದ ಪಡಸಾಲೆಯಲ್ಲಿ, ಎರಡು ಮರದ ತೊಲೆಗಳ ಮೇಲೆ ಕರಿಕಲ್ಲನ್ನು ಮಲಗಿಸಿದ್ದರು. ಎದುರಿನ ಗೋಡೆಯಲ್ಲಿ ಅದಕ್ಕೆಂದೇ ಬಿಟ್ಟ ಗೂಡು. ಗವಂಡಿ ಸಿಮೆಂಟಿನ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ತಂಬಾಕು ತಿಕ್ಕುತ್ತ ಕುಳಿತಿದ್ದ. ಹನ್ನೊಂದು ನಲವತ್ತಕ್ಕೆ ಮುಹೂರ್ತ. ಈಗ ಹತ್ತು ಗಂಟೆ ದಾಟಿ ಐದು ನಿಮಿಷ.

ಕಮಲಾಬಾಯಿ ಇನ್ನೊಮ್ಮೆ ಕೂಡಿಸಿದರು, ಈ ಸಲ ಕೆಳಗಿನಿಂದ ಮೇಲಕ್ಕೆ. ಇನ್ನೂರ ಐವತ್ತಮೂರು.

ಕಲ್ಲಿನ ಮೇಲಿದ್ದುದು ಒಂದೇ ಒಂದು ಸಂಖ್ಯೆ. ಹಿಂದಿನ ಮಳೆಗಾಲದಲ್ಲಿ ಚಾತುರ್ಮಾಸಕ್ಕೆ ಊರಲ್ಲಿ ತಂಗಿದ್ದ ಮಾತಾಜಿ ಪ್ರವಚನದಲ್ಲಿ ಅದರ ಮಾತು ತೆಗೆದಿದ್ದರು. ಕಾಲವನ್ನು ಅಳೆಯಲು ಶಾಸ್ತ್ರಕಾರರು ಹೇಳಿದ ದೊಡ್ಡ ಸಂಖ್ಯೆಗಳು ಹಲವು ಇವೆ, ಪಂಥಕ್ಕೊಂದು ಲೆಕ್ಕವಿದೆ. ಅವುಗಳಲ್ಲಿ ಒಂದಕ್ಕೆ ಶೀರ್ಷಪ್ರಹೇಲಿಕೆ ಎಂದು ಹೆಸರು. ಎಂಬತ್ನಾಲ್ಕು ಲಕ್ಷವನ್ನು ಇಪ್ಪತ್ತೆಂಟು ಸಲ ಇಟ್ಟು ಒಂದಕ್ಕೊಂದು ಗುಣಿಸಿದರೆ ಬರುವ ಸಂಖ್ಯೆ ಅದು. ಒಟ್ಟು ನೂರ ತೊಂಬತ್ನಾಲ್ಕು ಅಂಕಿ. ಕೊನೆಯ ನೂರ ನಲವತ್ತು ಬರೀ ಸೊನ್ನೆ. ಮೊದಲಿನ ಐವತ್ನಾಲ್ಕು ಅಂಕಿಗಳನ್ನು ಕಂಡುಹಿಡಿಯಬೇಕಾದರೆ ಎಂಬತ್ನಾಲ್ಕನ್ನು ಇಪ್ಪತ್ತೆಂಟು ಸಲ ಗುಣಿಸಲೇಬೇಕು. ಕಮಲಾಬಾಯಿ ಗುಣಿಸಿದ್ದರು, ಕೈಯಿಂದ, ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ, ಎರಡು ತಿಂಗಳು ಕುಳಿತು. ಬಸದಿಯೊಳಗಿನ ಹಳೆಯ ಶಾಸನ ಕನ್ನಡದ್ದಾದ್ದರಿಂದ ಇದನ್ನೂ ಕನ್ನಡ ಅಂಕಿಯಲ್ಲೇ ಕೊರೆಸಬೇಕೆಂದು ಕಮಿಟಿ ಠರಾವು ಮಾಡಿತ್ತು. ಕೊನೆಯ ಸೊನ್ನೆಗಳನ್ನು ಬಿಟ್ಟು, ಸಾಲಿಗೆ ಒಂಬತ್ತರಂತೆ ಆರು ಸಾಲು.

ಅವರು ಆ ಲೆಕ್ಕಕ್ಕೆ ಕುಳಿತದ್ದಕ್ಕೆ ಕಾರಣ ಭಕ್ತಿಯೊಂದೇ ಆಗಿರಲಿಲ್ಲ. ಎಪ್ಪತ್ತೊಂದರ ಕಮಲಾಬಾಯಿ ಊರ ಮರಾಠಿ ಶಾಲೆಯಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿದವರು. ಎಂಟು ತಿಂಗಳ ಹಿಂದೆ ಒಂದು ಮುಂಜಾನೆ ಅವರ ಬಲಗೈ ಜೋಲಿತು, ಮಾತು ತೊದಲಿತು. ಮಗ ತುಷಾರ ಕಾರಿನಲ್ಲಿ ಹಾಕಿಕೊಂಡು ಮಿರಜಕ್ಕೆ ಓಡಿದ. ಮೂರು ದಿನದಲ್ಲಿ ಮಾತು ತಿರುಗಿ ಬಂತು, ಕೈಯೂ ಮುಕ್ಕಾಲು ಬಂತು. ಬಿಡುಗಡೆಯ ದಿನ ಡಾಕ್ಟರರು, ನೂರರಲ್ಲಿ ಏಳೇಳು ಕಳೆಯುತ್ತ ಹೋಗಿ ಎಂದು ಮರಾಠಿಯಲ್ಲಿ ಹೇಳಿದರು. ತೊಂಬತ್ತಮೂರು ಎಂದರು ಕಮಲಾಬಾಯಿ. ಎಂಬತ್ತಾರು ಎಂದರು. ಆಮೇಲೆ ಏನೂ ಬರಲಿಲ್ಲ. ಎಂಬತ್ತಾರರ ಮುಂದೆ ಗೋಡೆ ಎದ್ದಂತಾಗಿತ್ತು. ತುಷಾರ ಮಂಚದ ಬದಿಗೆ ನಿಂತು ಎಲ್ಲ ನೋಡಿದ್ದ.

ಅಂದಿನಿಂದ ಅವನ ಬಾಯಲ್ಲಿ ಒಂದೇ ಮಾತು: "ನೀ ಬ್ಯಾಡ ಅವ್ವಾ, ನಾ ಮಾಡತೇನಿ." ಗ್ಯಾಸ್ ಹಚ್ಚುವುದು ಬೇಡ, ಹಾಲಿನವನ ಲೆಕ್ಕ ಬೇಡ, ಸಾಂಗಲಿಗೆ ಒಬ್ಬರೇ ಹೋಗುವುದು ಬೇಡ. ಪ್ರೀತಿಯಿಂದಲೇ ಹೇಳುತ್ತಿದ್ದ. ಅದಕ್ಕೇ ಜಗಳವಾಡಲೂ ಆಗುತ್ತಿರಲಿಲ್ಲ. ನಾಲ್ಕನೆಯ ವಾರ ಕಮಲಾಬಾಯಿ ಕ್ಯಾಲೆಂಡರಿನ ಹಾಳೆ ಹರಿದು, ಎಂಬತ್ನಾಲ್ಕು ಇಂಟು ಎಂಬತ್ನಾಲ್ಕು ಎಂದು ಬರೆದರು.

ಈಗ ಅದೇ ಸಂಖ್ಯೆ ಕಲ್ಲಿನ ಮೇಲೆ ತಪ್ಪಾಗಿ ಮಲಗಿತ್ತು.

"ರಾಜಕುಮಾರ," ಎಂದು ಅವರು ಕರೆದರು. "ಇಲ್ಲಿ ಬಾ ಜರಾ."

ರಾಜಕುಮಾರ ಕಮಿಟಿಯ ಅಧ್ಯಕ್ಷ. ಐವತ್ತು ದಾಟಿದವನಾದರೂ ತನಗೆ ಕಲಿಸಿದ ಬಾಯಿಯ ಮುಂದೆ ಇನ್ನೂ ನಾಲ್ಕನೆಯ ಇಯತ್ತೆಯ ಹುಡುಗನೇ. ಟೋಪಿ ಸರಿಮಾಡಿಕೊಳ್ಳುತ್ತ ಬಂದ.

"ಅಂಕಿ ತಪ್ಪೇತಿ," ಎಂದರು ಅವರು.

"ಏನಂತೀರಿ ಬಾಯೀ!"

"ಎಂಬತ್ನಾಲ್ಕರಾಗ ಒಂದು ಮೂರು ಐತಿ. ಎರಡು ಎಂಬತ್ನಾಲ್ಕು ಗುಣಿಸಿದ್ರ ಒಳಗ ಒಂಬತ್ತು ಬಂದ ಬರತೈತಿ. ಒಳಗ ಒಂಬತ್ತಿದ್ದ ಸಂಖ್ಯಾದ ಅಂಕಿ ಎಲ್ಲಾ ಕೂಡಿಸಿದ್ರ ಒಂಬತ್ತರ ಮಗ್ಗಿಯೊಳಗ ಬೀಳಬೇಕು. ಇನ್ನೂರ ಐವತ್ತೆರಡು ಬೀಳತೈತಿ, ಒಂಬತ್ತ ಇಪ್ಪತ್ತೆಂಟಲೆ. ಇದು ಇನ್ನೂರ ಐವತ್ತಮೂರು ಬರಾಕತ್ತೈತಿ. ಯಾವುದೋ ಒಂದು ಅಂಕಿ ಕೆಟ್ಟೈತಿ."

ರಾಜಕುಮಾರನಿಗೆ ಮಗ್ಗಿ ತಿಳಿಯಿತೋ ಇಲ್ಲವೋ, ಕೆಟ್ಟಿದೆ ಎಂಬುದು ತಿಳಿಯಿತು. ಅವನು ನೇರವಾಗಿ ಅಂಗಳದ ಟೆಂಪೊದ ಕಡೆಗೆ ತಿರುಗಿದ. ಅಲ್ಲಿ ಶೀತಲ ತನ್ನ ಉಳಿಗಳನ್ನು ಗೋಣಿಯ ತುಂಡಿನಲ್ಲಿ ಸುತ್ತುತ್ತಿದ್ದಳು.

ಶೀತಲ ಆರಗ ಎಂಬ ಊರಿನವಳು, ಕುರಿ ಸಾಕುವ ಮನೆಯ ಹುಡುಗಿ. ಇಪ್ಪತ್ತೆಂಟು ವರ್ಷ. ಮಿರಜದ ಒಂದು ಕಲ್ಲಿನ ಅಂಗಡಿಯಲ್ಲಿ ಫರಸಿಯ ನೆಲಗಲ್ಲು ಒರೆಸುವ ಕೆಲಸಕ್ಕೆ ಸೇರಿ, ನೋಡನೋಡುತ್ತ ಅಕ್ಷರ ಕೊರೆಯುವುದನ್ನು ಕಲಿತು, ಈಗ ಸ್ವಂತ ಕೆಲಸ ಹಿಡಿಯುತ್ತಿದ್ದಳು. ಇದು ಅವಳ ಮೊದಲ ದೊಡ್ಡ ಕಲ್ಲು.

"ಏನ ಮಾಡೀಯ ಇದನ್ನ?" ರಾಜಕುಮಾರನ ದನಿ ಬಸದಿಯ ಗೋಡೆಗೆ ಬಡಿದು ತಿರುಗಿ ಬಂತು. "ದೊಡ್ಡ ಕಾರಾಗೀರ ಅಂತ ನಂಬಿ ಕೊಟ್ರ ಅಂಕಿ ತಪ್ಪ ಕೊರದೀ? ಮಿರಜದಾಗ ಇನ್ನ ಯಾರೂ ನಿನಗ ಒಂದು ಕಲ್ಲ ಕೊಡಧಾಂಗ ಮಾಡತೇನಿ!"

ಅಡುಗೆಗೆ ಕುಳಿತಿದ್ದ ಹೆಂಗಸರು ಬಾಗಿಲಿಗೆ ಬಂದರು. ಶೀತಲ ಉಳಿಗಳನ್ನು ಕೆಳಗಿಟ್ಟು ಎದ್ದು ನಿಂತಳು.

"ನಾ ತಪ್ಪು ಕೊರದಿಲ್ಲರಿ ಕಾಕಾ."

"ಬಾಯಿ ಎಣಿಸಿ ಹೇಳಾಕತ್ತಾರ!"

"ನನಗ ಕನ್ನಡ ಮಾತಾಡಾಕ ಬರತೈತ್ರಿ, ಓದಾಕ ಬರೂದಿಲ್ಲ. ನಾ ಸಾಲಿ ಕಲತದ್ದೆಲ್ಲಾ ಮರಾಠ್ಯಾಗ. ಇವು ನನಗ ಅಂಕಿ ಅಲ್ಲರಿ, ಚಿತ್ರ. ಕಾಗದದಾಗ ಚಿತ್ರ ಹ್ಯಾಂಗ ಐತಿ ಹಂಗ ಕೊರದೇನಿ. ಒಂದೊಂದಕ್ಕ ಮೂರು ಸಲ ನೋಡೇನಿ." ಅವಳು ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಕಾಗದ ತೆಗೆದಳು. "ಇದ ನೋಡ್ರಿ. ಬಾಯಾರ ಕೊಟ್ಟಿದ್ದು."

ರಾಜಕುಮಾರ ಕಾಗದ ಕಸಿದುಕೊಂಡು ಒಮ್ಮೆ ನೋಡಿ, ಕಮಲಾಬಾಯಿಯ ಕೈಗಿತ್ತ. "ನೀವ ತಾಳೆ ನೋಡ್ರಿ ಬಾಯೀ. ಇಲ್ಲಿ ಕನ್ನಡ ಅಂಕಿ ನಿಮ್ಮ ಬಿಟ್ರ ಯಾರಿಗೆ ಬರತಾವ?"

ಆ ಮಾತು ನಿಜವಾಗಿತ್ತು. ಕಮಲಾಬಾಯಿಗೆ ಈ ಅಂಕಿಗಳನ್ನು ಕಲಿಸಿದವರು ಅವರ ತಂದೆ ಭೂಪಾಲ. ಮುಂದೆ ಮನೆಯಲ್ಲಿ ಅದನ್ನು ಯಾರೂ ಕಲಿಯಲಿಲ್ಲ, ತುಷಾರನೂ ಸಹ. ಅವನು ಈಗ ಅಂಗಳದಿಂದ ಬಂದು ತಾಯಿಯ ಬೆನ್ನ ಹಿಂದೆ ನಿಂತಿದ್ದ. ಅವನ ಉಸಿರು ಅವರಿಗೆ ಕೇಳಿಸುತ್ತಿತ್ತು.

ಕಾಗದವನ್ನು ಕಲ್ಲಿನ ಮೇಲಿಟ್ಟು ಅವರು ಸಾಲು ಸಾಲಾಗಿ ನೋಡಿದರು. ಮೊದಲನೆಯದು ಸರಿಹೊಂದಿತು. ಎರಡನೆಯದೂ ಹೊಂದಿತು. ಮೂರು, ನಾಲ್ಕು, ಐದು ಹೊಂದಿದವು. ಆರನೆಯದೂ ಹೊಂದಿತು. ಹುಡುಗಿ ಒಂದು ಗೆರೆಯನ್ನೂ ತಪ್ಪಿಸಿರಲಿಲ್ಲ. ಕಾಗದದ ಅಂಕಿಗಳನ್ನು ಕೂಡಿಸಿದರೂ ಇನ್ನೂರ ಐವತ್ತಮೂರೇ.

ಹಾಗಾದರೆ ತಪ್ಪು ತಮ್ಮದು.

ಅವರಿಗೆ ನೆನಪಾಯಿತು. ಗುಣಾಕಾರದ ಹಾಳೆಗಳನ್ನೆಲ್ಲ ಎರಡೆರಡು ಸಲ ತಾಳೆ ನೋಡಿದ್ದರು, ಆದರೆ ಈ ಶುದ್ಧಪ್ರತಿ ಬರೆದ ದಿನ ಮಿರಜಕ್ಕೆ ತಪಾಸಣೆಗೆ ಹೋಗುವ ಗಡಿಬಿಡಿ. ಬರೆದದ್ದನ್ನು ತಿರುಗಿ ಕೂಡಿಸದೆ ಮಡಚಿ ಕೊಟ್ಟಿದ್ದರು. ಅಥವಾ ಗುಣಾಕಾರವೇ ಎಲ್ಲೋ ಕೆಟ್ಟಿತ್ತೋ? ಅದನ್ನು ನೋಡೋಣವೆಂದರೆ ಹಾಳೆಗಳ ಕಟ್ಟು ಮನೆಯಲ್ಲಿರಲಿಲ್ಲ. ರಾಜಕುಮಾರನ ಅಣ್ಣನ ಮಗ ಸೌರಭ ಸಾಂಗಲಿಯ ಕಾಲೇಜಿನಲ್ಲಿ ಕಲಿಸುವವನು, ಹುಡುಗರಿಗೆ ತೋರಿಸುತ್ತೇನೆಂದು ಒಯ್ದಿದ್ದ.

ಎಲ್ಲರೂ ಅವರ ಮುಖ ನೋಡುತ್ತಿದ್ದರು. ಹುಡುಗಿ ತಪ್ಪು ಕೊರೆದಿದ್ದಾಳೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ತಿರುಗಿ ಕೇಳುತ್ತಿರಲಿಲ್ಲ. ತುಷಾರನೂ ನಂಬುತ್ತಿದ್ದ, ನಂಬಿ ಹಗುರಾಗುತ್ತಿದ್ದ. ಶೀತಲ ಮಾತ್ರ ಕಲ್ಲನ್ನಾಗಲಿ ಕಾಗದವನ್ನಾಗಲಿ ನೋಡದೆ ಅವರ ಕಣ್ಣನ್ನೇ ನೋಡುತ್ತಿದ್ದಳು.

ಕಮಲಾಬಾಯಿ ಕಾಗದವನ್ನು ಮಡಚಿದರು.

"ಕಾಗದ, ಕಲ್ಲು ಎರಡೂ ಒಂದ ಅದಾವ," ಎಂದರು. "ಹುಡುಗೀದು ಏನೂ ತಪ್ಪಿಲ್ಲ. ತಪ್ಪು ನಂದು."

ತುಷಾರ ಬಗ್ಗಿ ಅವರ ತೋಳು ಹಿಡಿದ. "ನಡಿ ಅವ್ವಾ, ಮನಿಗೆ ಹೋಗೋಣ. ಇದಕ್ಕ ಹೇಳತಿದ್ದೆ ನಾ, ಇಷ್ಟು ತ್ರಾಸ ತಗೋಬ್ಯಾಡ ಅಂತ."

"ಕೈ ಬಿಡು."

"ಅವ್ವಾ..."

"ಕೈ ಬಿಡು ತುಷಾರ."

ರಾಜಕುಮಾರ ಮೊಬೈಲ್ ತೆಗೆದು ಕ್ಯಾಲ್ಕುಲೇಟರಿನಲ್ಲಿ ಏನೋ ಒತ್ತಿದ. ಪರದೆಯ ಮೇಲೆ ಏಳು, ಒಂದು ಚುಕ್ಕೆ, ಅದರ ಮುಂದೆ ಎಂಟು ಅಂಕಿ, ಕೊನೆಗೊಂದು ಇಂಗ್ಲಿಷ್ ಅಕ್ಷರ, ಐವತ್ತಮೂರು ಎಂದು ಬಂತು. ಉಳಿದ ಅಂಕಿಗಳನ್ನು ಅದು ತೋರಿಸಲೇ ಇಲ್ಲ. ತೋರಿಸಿದ ಒಂಬತ್ತು ಕಲ್ಲಿನ ಮೊದಲ ಸಾಲಿನವು, ಅವು ಸರಿಯಾಗಿಯೇ ಇದ್ದವು. ಸೌರಭನಿಗೆ ಫೋನು ಹಚ್ಚಿದ. ಸ್ವಿಚ್ ಆಫ್ ಆಗಿತ್ತು. ಮನೆಗೆ ಹಚ್ಚಿದಾಗ, ಪರೀಕ್ಷೆಯ ಹಾಲಿನಲ್ಲಿದ್ದಾನೆ, ಹನ್ನೆರಡಕ್ಕೆ ಹೊರಗೆ ಬರುತ್ತಾನೆ ಎಂದರು.

"ಹನ್ನೆರಡಕ್ಕ ಮುಹೂರ್ತ ಮುಗದಿರತೈತಿ," ಎಂದ ರಾಜಕುಮಾರ. ಸಿಟ್ಟು ಹೋಗಿ ದನಿಯಲ್ಲಿ ದಣಿವು ಬಂದಿತ್ತು. "ಬಾಯೀ, ಒಂದು ಮಾತು ಹೇಳಲ್ಯಾ? ಐವತ್ನಾಲ್ಕರಾಗ ಒಂದು ಅಂಕಿ. ಗ್ವಾಡಿಗೆ ಹಚ್ಚಿ ಬಿಡೋಣ. ಯಾರ ಎಣಸ್ತಾರ?"

"ನಾ ಎಣಸ್ತೇನಿ."

"ಹಂಗಾರ ಏನ ಮಾಡೂಣು?"

"ಒಂದು ತಾಸು ಕೊಡು. ಯಾವ ಅಂಕಿ ಅಂತ ಹುಡುಕತೇನಿ."

"ಹಾಳಿ ಇಲ್ಲದ? ಹ್ಯಾಂಗ?"

ಕಮಲಾಬಾಯಿ ಕಣ್ಣು ಮುಚ್ಚಿದರು. ಒಂಬತ್ತರ ತಾಳೆ ಹೇಳಿದ್ದು ಇಷ್ಟು: ಎಲ್ಲೋ ಒಂದು ಹೆಚ್ಚಾಗಿದೆ. ಎಲ್ಲಿ ಎಂಬುದನ್ನು ಅದು ಹೇಳುವುದಿಲ್ಲ. ಸಂಖ್ಯೆಯೊಳಗೆ ಮತ್ತೇನಿದೆ? ಎಂಬತ್ನಾಲ್ಕೆಂದರೆ ಇಪ್ಪತ್ತೊಂದು ನಾಲ್ಕಲೆ. ನಾಲ್ಕೆಂದರೆ ಎರಡು ಎರಡಲೆ. ಒಂದೊಂದು ಎಂಬತ್ನಾಲ್ಕರಲ್ಲಿ ಎರಡೆರಡು ಎರಡು, ಇಪ್ಪತ್ತೆಂಟರಲ್ಲಿ ಐವತ್ತಾರು. ಸರಿಯಾದ ಸಂಖ್ಯೆಯನ್ನು ಅರ್ಧ, ಅರ್ಧದ ಅರ್ಧ, ಮತ್ತೆ ಅದರ ಅರ್ಧ ಎಂದು ಐವತ್ತಾರು ಸಲ ಶೇಷವಿಲ್ಲದೆ ಒಡೆಯಬಹುದು. ತಪ್ಪು ಸಂಖ್ಯೆ?

ಕಣ್ಣು ತೆರೆದರು.

"ಹತ್ತನ್ನ ಒಂದ ಸಲ ಅರ್ಧಾ ಮಾಡಬಹುದು," ಎಂದು ಯಾರಿಗೆಂದಿಲ್ಲದೆ ಹೇಳಿದರು. "ಐದು ಬಂತು, ನಿಂತ್ತು. ನೂರನ್ನ ಎರಡ ಸಲ: ಐವತ್ತು, ಇಪ್ಪತ್ತೈದು, ನಿಂತ್ತು. ಸಾವಿರ ಮೂರ ಸಲ. ಎಷ್ಟು ಸೊನ್ನಿ, ಅಷ್ಟ ಅರ್ಧಾ." ಅವರ ಕಣ್ಣು ಶೀತಲಳ ಮೇಲೆ ನಿಂತಿತು. "ಖರೇ ಸಂಖ್ಯಾ ಐವತ್ತಾರು ಸಲ ಒಡೀತೈತಿ. ಅದರಾಗ ಹೆಚ್ಚಿಗಿ ಒಂದು ಸೇರೇತಿ. ಆ ಒಂದು ಸಾವಿರದ ಮನ್ಯಾಗ ಕುಂತಿದ್ರ ಮೂರು ಅರ್ಧಕ್ಕ ಬೆಸ ಬರತೈತಿ. ಲಕ್ಷದ ಮನ್ಯಾಗ ಇದ್ರ ಐದಕ್ಕ. ಎಷ್ಟನೇ ಅರ್ಧಕ್ಕ ಬೆಸ ಬರತೈತೋ, ತಪ್ಪಿನ ಬಲಕ್ಕ ಅಷ್ಟ ಅಂಕಿ ಇರತಾವ. ತಪ್ಪು ಅಲ್ಲೇ ಕುಂತಿರತೈತಿ."

ಶೀತಲ ಎರಡು ಸಲ ತಲೆಯಾಡಿಸಿದಳು. "ಅಂದ್ರ ಒಡಕೋತ ಹೋಗೂದು, ಎಲ್ಲಿ ಒಡಿಯಂಗಿಲ್ಲ ನೋಡೂದು."

"ಹಾಂ. ಖಡು ಕೊಡು." ಶೀತಲ ಚೀಲದಿಂದ ಸೀಮೆಸುಣ್ಣದ ತುಂಡು ತೆಗೆದು ಕೊಟ್ಟಳು.

ಹತ್ತು ಮೂವತ್ತು. ಕಮಲಾಬಾಯಿ ಪಡಸಾಲೆಯ ಫರಸಿಯ ಮೇಲೆ ಕುಳಿತು ಕೆಳಗಿನ ಮೂರು ಸಾಲುಗಳನ್ನಷ್ಟೇ ಒಂದೇ ಉದ್ದಕ್ಕೆ ಬರೆಯಲು ತೊಡಗಿದರು. ಇಪ್ಪತ್ತೇಳು ಅಂಕಿ. ಮೇಲಿನ ಸಾಲುಗಳ ಬಲಕ್ಕೆ ಇಪ್ಪತ್ತೇಳು ಮನೆಗಳಿದ್ದುದರಿಂದ ಇಪ್ಪತ್ತಾರನೆಯ ಅರ್ಧದ ತನಕ ಅವು ಬೆಸ ತರಲಾರವು. ತಪ್ಪು ಅದರೊಳಗೆ ಸಿಗದಿದ್ದರೆ ಮೇಲಿನ ಸಾಲುಗಳಿಗೆ ಹೋಗಬೇಕು, ಆದರೆ ಅಷ್ಟಕ್ಕೆ ಹೊತ್ತು ಸಾಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಬಲಗೈಯ ಹಿಡಿತ ತಪ್ಪಿ ಹನ್ನೆರಡನೆಯ ಅಂಕಿಗೆ ಖಡು ಮುರಿಯಿತು, ಹದಿನೈದಕ್ಕೆ ಮತ್ತೊಮ್ಮೆ.

"ನೀವ ಹೇಳ್ರಿ, ನಾ ಬರೀತೇನಿ," ಎಂದು ಶೀತಲ ಅವರ ಕೈಯಿಂದ ತುಂಡು ತೆಗೆದುಕೊಂಡಳು. "ಮರಾಠಿ ಅಂಕಿಲೆ ಬರೀಲ್ಯಾ?"

"ಯಾವುದರಾಗರ ಬರಿ. ತಪ್ಪ ಬರೀಬ್ಯಾಡ."

ಕಮಲಾಬಾಯಿ ಹೇಳುತ್ತ ಹೋದರು, ಶೀತಲ ಬರೆಯುತ್ತ ಹೋದಳು. ಮೊದಲ ಅರ್ಧದ ಕೊನೆಗೆ ಆರು, ನಾಲ್ಕು, ಎಂಟು. ಸಮ. ಎರಡನೆಯದರ ಕೊನೆಗೆ ಎಂಟು, ಎರಡು, ನಾಲ್ಕು. ಸಮ. ಮೂರನೆಯದು ಒಂಬತ್ತು, ಒಂದು, ಎರಡು. ಒಂದೊಂದು ಅರ್ಧಕ್ಕೆ ಒಂದು ನಿಮಿಷದ ಮೇಲಾಗುತ್ತಿತ್ತು. ಹೆಂಗಸರು ಬಾಗಿಲಲ್ಲೇ ಕುಳಿತರು. ಗವಂಡಿ ಎದ್ದು ಬಂದು ಹಿಂದೆ ನಿಂತ. ಫರಸಿಯ ಒಂದು ಹಾಸು ತುಂಬಿತು, ಶೀತಲ ಮಂಡಿಯೂರಿಕೊಂಡೇ ಮುಂದಿನ ಹಾಸಿಗೆ ಸರಿದಳು.

ಏಳನೆಯ, ಎಂಟನೆಯ, ಒಂಬತ್ತನೆಯ ಅರ್ಧ. ಎಲ್ಲ ಸಮ. ಕೊನೆಯ ಅಂಕಿಗಳಿಗೆ ಒಂದು ನಡಿಗೆ ಇರುವುದನ್ನು ಕಮಲಾಬಾಯಿ ಗಮನಿಸಿದರು. ಎಂಟು, ನಾಲ್ಕು, ಎರಡು, ಆರು. ಮತ್ತೆ ಎಂಟು, ನಾಲ್ಕು, ಎರಡು, ಆರು. ಸಂಖ್ಯೆ ಸರಿಯಿರುವ ತನಕ ಆ ನಡಿಗೆ ತಪ್ಪುವ ಹಾಗಿಲ್ಲ.

ಹನ್ನೊಂದನೆಯ ಅರ್ಧದ ನಡುವೆ ರಾಜಕುಮಾರ, "ಬಾಯೀ, ಚಹಾ ತರಸ್ಲ್ಯಾ?" ಎಂದು ಕೇಳಿದ.

ಅವರು ತಲೆಯೆತ್ತಿದರು. ತಲೆ ತಗ್ಗಿಸಿದಾಗ ಎಲ್ಲಿದ್ದೆನೆಂಬುದು ಹೋಗಿತ್ತು. ಹಿಂದಿನ ಅಂಕಿಯಿಂದ ಒಂದು ಉಳಿದಿತ್ತೋ ಇಲ್ಲವೋ? ಫರಸಿಯ ಮೇಲಿನ ಬಿಳಿ ಗೆರೆಗಳು ಬರೀ ಗೆರೆಗಳಾಗಿ ಕಂಡವು. ಬಾಯಿ ತೆರೆದರೂ ಮಾತು ಬರಲಿಲ್ಲ. ತುಷಾರ ಒಂದು ಹೆಜ್ಜೆ ಮುಂದೆ ಬಂದದ್ದು ಕಣ್ಣಂಚಿನಲ್ಲಿ ಕಾಣಿಸಿತು. ಮಿರಜದ ಆ ಮಂಚ, ಅಂದಿನ ಮೌನ ಮತ್ತೆ ಸುತ್ತ ಬಂದು ಕುಳಿತಂತಾಯಿತು.

"ಈ ಸಾಲು ಅಳಸ್ಲಿರಿ?" ಶೀತಲ ಮೆಲ್ಲಗೆ ಕೇಳಿದಳು. "ಮೊದಲಿಂದ ಹೇಳ್ರಿ. ನನಗೇನ ಅವಸರಿಲ್ಲ."

ಅವಳು ಸೆರಗಿನ ತುದಿಯಿಂದ ಸಾಲನ್ನು ಒರೆಸಿದಳು. ಕಮಲಾಬಾಯಿ ಎರಡು ಸಲ ಉಸಿರು ಬಿಟ್ಟರು, ಹತ್ತನೆಯ ಅರ್ಧದ ಮೊದಲ ಅಂಕಿಯ ಮೇಲೆ ಬೆರಳಿಟ್ಟರು, ಮತ್ತೆ ಶುರು ಮಾಡಿದರು. ಹನ್ನೊಂದರ ಕೊನೆಗೆ ಎರಡು ಬಂತು. ನಡಿಗೆ ಸರಿಯಿತ್ತು.

ಹದಿನಾರಕ್ಕೆ ಆರು. ಹದಿನೇಳಕ್ಕೆ ಎಂಟು. ಹದಿನೆಂಟಕ್ಕೆ ನಾಲ್ಕು. ಗಡಿಯಾರ ಹನ್ನೊಂದಾಗಲು ಎರಡು ನಿಮಿಷ ತೋರಿಸುತ್ತಿತ್ತು. ಹತ್ತೊಂಬತ್ತನೆಯ ಅರ್ಧದ ಕೊನೆಯ ಅಂಕಿಗೆ ಬಂದಾಗ ಕಮಲಾಬಾಯಿ ಬೆರಳನ್ನು ಅಲ್ಲಿಯೇ ಒತ್ತಿ ಹಿಡಿದರು. ಹಿಂದಿನ ಅಂಕಿಯಿಂದ ಒಂದು ಉಳಿದಿತ್ತು. ಹದಿನಾಲ್ಕರ ಅರ್ಧ.

"ಏಳು," ಎಂದರು.

ಎರಡು ಬರಬೇಕಾದಲ್ಲಿ ಏಳು. ಬೆಸ. ಇನ್ನು ಒಡೆಯುವುದಿಲ್ಲ.

"ಹತ್ತೊಂಬತ್ತು!" ಎಂದಳು ಶೀತಲ. ಎದ್ದು ಕಲ್ಲಿನ ಕಡೆಗೆ ಓಡಿ ಬಲತುದಿಯಿಂದ ಎಣಿಸಿದಳು. ಕೆಳಗಿನ ಎರಡು ಸಾಲು ಸೇರಿ ಹದಿನೆಂಟು, ನಾಲ್ಕನೆಯ ಸಾಲಿನ ಕೊನೆಯದು ಹತ್ತೊಂಬತ್ತು. ಅದರ ಎಡಕ್ಕೆ ಬೆರಳಿಟ್ಟಳು. "ಇದು. ಕೆಳಗ ಬಾಯಿ ತೆರದ ಸುತ್ತು."

"ಅದು ಒಂದು," ಎಂದರು ಕಮಲಾಬಾಯಿ. "೪೧೬ ಐತಿ. ಒಂದು ಕಡಿಮಿ ಮಾಡಿದ್ರ ಸೊನ್ನಿ. ೪೦೬ ಆಗಬೇಕಿತ್ತು."

"ಸೊನ್ನಿ ಅಂದ್ರ ಪೂರ್ತಿ ಸುತ್ತಲ್ರಿ? ಹಂಗಾರ ಬಾಯಿ ಮುಚ್ಚಿದ್ರ ಆತು!" ಶೀತಲಳ ಮುಖ ಅರಳಿತು. ಕೊರೆದದ್ದನ್ನು ಅಳಿಸುವುದು ಸಾಧ್ಯವಿಲ್ಲದಿದ್ದರೂ ಕೂಡಿಸುವುದು ಸಾಧ್ಯವಿತ್ತು. ಅವಳು ಗೋಣಿಯ ಸುರುಳಿ ಬಿಚ್ಚಿ ಸಣ್ಣ ಉಳಿಯನ್ನು ಹುಡುಕಿ ತೆಗೆದಳು.

"ಥಾಂಬ, ನಿಂದ್ರು," ಎಂದರು ಕಮಲಾಬಾಯಿ. "ಇನ್ನೊಂದು ಐತಿ."

ಕಾಲು ಗಂಟೆಯ ಹಿಂದೆಯೇ ಹೊಳೆಯಬೇಕಾಗಿದ್ದ ಮಾತು ಈಗ ಹೊಳೆದಿತ್ತು. ಒಂಬತ್ತರ ಲೆಕ್ಕಕ್ಕೆ ಒಂದು ಹೆಚ್ಚಾದರೂ ಅಷ್ಟೇ, ಎಂಟು ಕಡಿಮೆಯಾದರೂ ಅಷ್ಟೇ. ಎರಡಕ್ಕೂ ಅದು ಒಂದನ್ನೇ ಉಳಿಸುತ್ತದೆ. ಎಂಟರೊಳಗೆ ಮೂರು ಎರಡುಗಳಿವೆ. ಎಂಟರ ತಪ್ಪಾದರೆ ಬೆಸ ಬರುವ ಮೊದಲು ಅದು ಮೂರು ಅರ್ಧ ಹೆಚ್ಚು ತಾಳುತ್ತದೆ, ಅಂದರೆ ಮೂರು ಮನೆ ಬಲಕ್ಕೆ ಕುಳಿತಿರುತ್ತದೆ. ಕಲ್ಲಿನ ಮೇಲೆ ಮೂರು ಮನೆ ಬಲಕ್ಕೆ ನೋಡಿದರು. ಐದನೆಯ ಸಾಲಿನ ಎರಡನೆಯ ಅಂಕಿ. ೨೧೮. ಅಲ್ಲಿದ್ದ ಅಂಕಿಯೂ ಒಂದು. ಒಂಬತ್ತಿರಬೇಕಾದಲ್ಲಿ ಒಂದು ಬರೆದಿದ್ದರೆ ಎಂಟು ಕಡಿಮೆ.

"ಎರಡು ಒಂದು ಅದಾವ," ಎಂದು ವಿವರಿಸಿದರು. "ಇದು ಸೊನ್ನಿ ಆಗಿರಬೇಕು, ಇಲ್ಲಾ ಅದು ಒಂಬತ್ತಾಗಿರಬೇಕು. ಎರಡರಾಗ ಒಂದ ಖರೆ."

"ಅದನ್ನ ಒಂಬತ್ತು ಮಾಡಾಕ ಜಾಗಾ ಇಲ್ಲರಿ," ಎಂದಳು ಶೀತಲ. "ಇದಾದ್ರ ಸಲೀಸ ಐತಿ."

"ಸಲೀಸ ಐತಿ ಅಂತ ಅದ ಖರೆ ಆಗೂದಿಲ್ಲವ್ವ."

ಹನ್ನೊಂದು ಹತ್ತು. ಬಸದಿಯಲ್ಲಿ ಅಭಿಷೇಕದ ಗಂಟೆ ಶುರುವಾಯಿತು. ರಾಜಕುಮಾರ ಒಮ್ಮೆ ಗಡಿಯಾರ, ಒಮ್ಮೆ ಬಾಗಿಲು ನೋಡುತ್ತಿದ್ದ.

ಕಮಲಾಬಾಯಿ ಈಗ ಹನ್ನೊಂದರ ಮಗ್ಗಿಯನ್ನು ನೆರವಿಗೆ ಕರೆದರು. ಎಂಬತ್ನಾಲ್ಕರಲ್ಲಿ ಹನ್ನೊಂದರ ಮಗ್ಗಿ ತೆಗೆದರೆ ಏಳು ಉಳಿಯುತ್ತದೆ. ಏಳನ್ನು ಇಪ್ಪತ್ತೆಂಟು ಸಲ ಗುಣಿಸುತ್ತ, ಪ್ರತಿ ಸಲ ಹನ್ನೊಂದುಗಳನ್ನು ತೆಗೆಯುತ್ತ ಬೆರಳಿನ ಗೆರೆಗಳ ಮೇಲೆ ಎಣಿಸಿದರು. ಏಳು, ಐದು, ಎರಡು, ಮೂರು... ಹತ್ತನೆಯದಕ್ಕೆ ಒಂದು ಬಂದು ಮತ್ತೆ ಏಳು ಶುರುವಾಯಿತು. ಇಪ್ಪತ್ತೆಂಟನೆಯದಕ್ಕೆ ಒಂಬತ್ತು. ಹಾಗಾದರೆ ಇಡೀ ಸಂಖ್ಯೆಗೂ ಒಂಬತ್ತೇ ಉಳಿಯಬೇಕು. ಕಲ್ಲಿನ ಐವತ್ನಾಲ್ಕು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಗುಂಪು ಮಾಡಿ ಕೂಡಿಸಿದರು; ಒಂದರಲ್ಲಿ ಇನ್ನೊಂದನ್ನು ಕಳೆದರೆ ಹನ್ನೊಂದರ ಶೇಷ ಸಿಗುತ್ತದೆ. ಬಲತುದಿಯ ಅಂಕಿಯಿದ್ದ ಗುಂಪು ನೂರ ಹದಿನಾಲ್ಕು. ಇನ್ನೊಂದು ನೂರ ಮೂವತ್ತೊಂಬತ್ತು. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಲಾಗದೆ ಮೂರು ಹನ್ನೊಂದು ಸೇರಿಸಿ ಕಳೆದರು. ಎಂಟು ಉಳಿಯಿತು.

"ಎಂಟೈತಿ, ಒಂಬತ್ತ ಬೇಕು," ಎಂದು ಪಿಸುಗುಟ್ಟಿದರು. ೨೧೮ರ ಒಂದನ್ನು ಒಂಬತ್ತು ಮಾಡಿದರೆ ಎಂಟಕ್ಕೆ ಎಂಟು ಸೇರಿ ಹದಿನಾರು, ಹನ್ನೊಂದು ತೆಗೆದರೆ ಐದು. ಅದಲ್ಲ. ೪೧೬ರ ಒಂದು ಎರಡನೆಯ ಗುಂಪಿನದು, ಕಳೆಯುವ ಗುಂಪಿನದು. ಅದು ಸೊನ್ನೆಯಾದರೆ ಕಳೆಯುವುದು ಒಂದು ಕಡಿಮೆಯಾಗುತ್ತದೆ, ಉಳಿಯುವುದು ಒಂದು ಹೆಚ್ಚುತ್ತದೆ.

ಒಂಬತ್ತು.

"ಮ್ಯಾಲಿಂದು," ಎಂದರು. "೪೧೬. ಬಾಯಿ ಮುಚ್ಚು."

ಶೀತಲ ಉಳಿಯನ್ನು ಇಟ್ಟಳು. ಸುತ್ತಿಗೆ ಎತ್ತಲಿಲ್ಲ. "ಬಾಯೀ, ಒಮ್ಮೆ ಕೊರದ್ರ ತಿರುಗಿ ಬರಂಗಿಲ್ಲ ನೋಡ್ರಿ."

"ಅವ್ವಾ," ಎಂದ ತುಷಾರ. "ಹನ್ನೆರಡರ ತನಕ ತಡಿಯೂಣ. ಸೌರಭ ಫೋನ್ ಚಾಲೂ ಮಾಡ್ಲಿ. ಮುಹೂರ್ತ ಹೋದ್ರ ಹೋಗ್ಲಿ. ಎರಡು ತಪ್ಪಾಗಿದ್ರ?"

ಅದು ಸರಿಯಾದ ಪ್ರಶ್ನೆ. ತಪ್ಪು ಒಂದೇ ಎಂದುಕೊಂಡು ಮಾಡಿದ ಲೆಕ್ಕ ಇದು. ಎರಡಿದ್ದರೆ ಎಲ್ಲವೂ ಬಿದ್ದುಹೋಗುತ್ತದೆ. ಕಮಲಾಬಾಯಿ ಮಗನ ಮುಖ ನೋಡಿದರು. ಅವನ ಕಣ್ಣಲ್ಲಿ ಹೆದರಿಕೆಯಿತ್ತು, ಮತ್ತು ಆ ಹೆದರಿಕೆ ಕಲ್ಲಿಗಾಗಿ ಇರಲಿಲ್ಲ.

"ಎರಡಿದ್ರ ನಾ ಸೋತೆ," ಎಂದರು. "ಊರ ಮುಂದ ಸೋಲತೇನಿ. ಹಂಗಂತ ನಿನ್ನ ಹೆದರಿಕಿ ಹಿಡಕೊಂಡು ಎಷ್ಟ ದಿನಾ ಕುಂದರ್ಲಿ?" ಶೀತಲಳ ಕಡೆಗೆ ತಿರುಗಿದರು. "ಕೊರಿ."

ಸುತ್ತಿಗೆ ಬಿತ್ತು. ಟಿಕ್, ಟಿಕ್, ಟಿಕ್. ಬಿಳಿಯ ಪುಡಿ ಎದ್ದಿತು. ಶೀತಲ ಒಂದು ಹೊಡೆತ ಕೊಟ್ಟು ಊದಿ ನೋಡುತ್ತಿದ್ದಳು, ಮತ್ತೆ ಹೊಡೆಯುತ್ತಿದ್ದಳು. ಹತ್ತು ನಿಮಿಷಕ್ಕೆ ಸುತ್ತಿನ ಎರಡು ತುದಿಗಳು ಕೂಡಿದವು. ಒದ್ದೆ ಬಟ್ಟೆಯಿಂದ ಒರೆಸಿ ಹಿಂದೆ ಸರಿದಳು.

ಹನ್ನೊಂದು ನಲವತ್ತಕ್ಕೆ ನಾಲ್ಕು ಜನ ಸೇರಿ ಕಲ್ಲನ್ನು ಗೂಡಿಗೇರಿಸಿದರು. ಪೂಜೆ ನಡೆಯಿತು, ಅಕ್ಷತೆ ಬಿತ್ತು. ಕಮಲಾಬಾಯಿ ಒಂದು ಕಂಬಕ್ಕೆ ಒರಗಿ ಕುಳಿತಿದ್ದರು. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

ಹನ್ನೆರಡು ಐದಕ್ಕೆ ರಾಜಕುಮಾರನ ಫೋನು ರಿಂಗಣಿಸಿತು. ಸೌರಭ. ಸಂಗತಿ ಕೇಳಿ ಅವನು ಕಂಪ್ಯೂಟರಿನ ಕೋಣೆಗೆ ಹೋದ. ಐದು ನಿಮಿಷದ ಮೇಲೆ ಅವನ ದನಿ ಸ್ಪೀಕರಿನಲ್ಲಿ ಪಡಸಾಲೆ ತುಂಬಿತು.

"ಮೊದಲಿಂದ ಓದ್ತೀನಿ ಕಾಕಾ. ಬಾಯಾರಿಗೆ ತಾಳೆ ನೋಡಾಕ ಹೇಳ್ರಿ."

ಕಮಲಾಬಾಯಿ ಏಳಲಿಲ್ಲ. "ತುಷಾರ, ನೀ ನಿಲ್ಲು ಕಲ್ಲಿನ ಹಂತ್ಯಾಕ. ಅವ ಹೇಳಿದ್ದನ್ನ ತಿರುಗಿ ಒದರು. ನಾ ಕುಂತಲ್ಲಿಂದ ನೋಡತೇನಿ."

ಸೌರಭ ಓದಿದ, ತುಷಾರ ಒಂದೊಂದು ಅಂಕಿಯ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಒದರಿದ. ಏಳು, ಐದು, ಎಂಟು. ಪ್ರತಿ ಅಂಕಿಗೂ ಕಮಲಾಬಾಯಿ ತಲೆಯಾಡಿಸಿದರು. ಮೂರು ಸಾಲು ಮುಗಿದವು. ನಾಲ್ಕನೆಯದಕ್ಕೆ ಬಂದಾಗ ತುಷಾರನ ದನಿ ತಗ್ಗಿತು.

"ಒಂಬತ್ತು, ಏಳು, ಐದು," ಎಂದ ಸೌರಭ. "ಆರು, ಒಂಬತ್ತು, ಆರು. ನಾಲ್ಕು..."

ಫೋನು ಒಂದು ಕ್ಷಣ ಕರಕರ ಎಂದಿತು.

"...ಸೊನ್ನಿ, ಆರು."

ತುಷಾರ ಆ ಸೊನ್ನೆಯ ಮೇಲೆ ಬೆರಳಿಟ್ಟು ತಾಯಿಯ ಕಡೆಗೆ ತಿರುಗಿ ನೋಡಿದ. ಸೌರಭ ಮುಂದೆ ಓದುತ್ತ ಹೋದ. ಎರಡು, ಒಂದು, ಎಂಟು. ಕೊನೆಯ ಸಾಲಿನ ತನಕ ಎಲ್ಲವೂ ಹೊಂದಿತು. ಹೆಂಗಸರಲ್ಲಿ ಯಾರೋ ಜೈಕಾರ ಹಾಕಿದರು.

"ನಿಮ್ಮ ಹಾಳ್ಯಾಗೂ ೪೦೬ ಐತ್ರಿ ಬಾಯೀ," ಎಂದು ಸೌರಭ ಸೇರಿಸಿದ. "ನನ್ನ ಮುಂದ ಐತಿ ಕಟ್ಟು. ಗುಣಾಕಾರ ಒಂದೂ ತಪ್ಪಿಲ್ಲ. ಇಳಿಸಿಕೊಳ್ಳುವಾಗ ತಪ್ಪೇತಿ."

"ತಪ್ಪು ತಪ್ಪ," ಎಂದರು ಕಮಲಾಬಾಯಿ.

ರಾಜಕುಮಾರ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಶೀತಲಳ ಮುಂದೆ ಹೋಗಿ ನಿಂತ. "ಸಿಟ್ಟಿನಾಗ ಬಾಳ ಮಾತಾಡಿದೆ. ಮನಸಿನಾಗ ಇಟಗೋಬ್ಯಾಡವ್ವ," ಎಂದ. ಶೀತಲ ಉಳಿಗಳನ್ನು ಒಂದೊಂದಾಗಿ ಒರೆಸಿದಳು. ಕೊನೆಗೆ, "ಊಟಕ್ಕ ಕರೀತೀರೋ ಇಲ್ಲೋ?" ಎಂದಳು. ಎಲ್ಲರೂ ನಕ್ಕರು.

ಊಟದ ಪಂಗತಿಯಲ್ಲಿ ತುಷಾರ ತಾಯಿಯ ಪಕ್ಕದಲ್ಲೇ ಕುಳಿತ. ಎಷ್ಟೋ ಹೊತ್ತು ಅನ್ನ ಕಲಸುತ್ತಲೇ ಇದ್ದ.

"ಅವ್ವಾ, ಆ ಅರ್ಧಾ ಮಾಡೂದು," ಎಂದ ಆಮೇಲೆ. "ಎಂಟರ ಮಾತು ನನಗ ತಿಳೀಲಿಲ್ಲ. ಮೂರು ಮನಿ ಬಲಕ್ಕ ಯಾಕ ಹೋತು?"

ಕಮಲಾಬಾಯಿ ಅವನನ್ನು ನೋಡಿದರು. ಅವನು ನಿಜವಾಗಿಯೂ ಕೇಳುತ್ತಿದ್ದ.

"ಮೊದಲ ಉಣ್ಣು," ಎಂದರು. "ಅನ್ನ ಆರಾಕತ್ತೈತಿ. ಉಂಡ ಮ್ಯಾಲ ಖಡು ತಗೊಂಡು ಬಾ."